ಎರಡು ಮಾದರಿ ಎಲೆಗಳು

ಅವರ ಬೆರಳತುದಿಗಳು ಸದಾ ಕಂದು ಬಣ್ಣದಲ್ಲಿರುತ್ತಿದ್ದವು. ಹೊಗೆಸೊಪ್ಪಿನ ಅಂಟು; ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಚಮಚ ತರುತ್ತಿದ್ದರು. ಪಿರಿಯಾಪಟ್ಟಣದ ನಮ್ಮ ಬೆಳೆಗಾರರ ಗುಂಪಿನ ಶೆಡ್ಡಿನಲ್ಲಿ ಹದ ಮಾಡಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದು ಅವರ ಕೆಲಸ. ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಎಲ್ಲರಂತೆ ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ.

ಟ್ಯೂಬ್‌ಲೈಟಿನಡಿ ಅಕ್ಕ ಎಲೆ ನೋಡುತ್ತಿರಲಿಲ್ಲ. ಬಾಗಿಲ ಬಳಿ ಹಗಲ ಬೆಳಕಿಗೆ ಹಿಡಿದು, ಬಣ್ಣಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹೇಳುವರು. ಪಕ್ಕದಲ್ಲಿ ಎರಡು ಮಾದರಿ ಎಲೆ: ಹತ್ತಕ್ಕೆ ನಿಂಬೆಹಳದಿ, ಒಂದಕ್ಕೆ ಸುಟ್ಟ ಕಂದು. ಪ್ರತಿ ಸಲವೂ ಅವಕ್ಕೇ ಹೋಲಿಸುವರು.

ಪ್ರತಿ ಬೆಳೆಗಾರರ ಸೊಪ್ಪಿನ ತೂಕಕ್ಕೂ ಒಂದೊಂದು ಕಂಬವಿರುವ ಚಿತ್ರವನ್ನು ನಾನು ಅಂಕಿಅಂಶದ ತಂತ್ರಾಂಶದಲ್ಲಿ ಮಾಡಿ ಗೋಡೆಗೆ ಅಂಟಿಸುತ್ತಿದ್ದೆ.

"ಎತ್ರ ಕಾಣ್ತದೆ ಕಣವ್ವ, ಬಣ್ಣ ಎಲ್ಲೈತೆ?" ಎಂದರು ಅಕ್ಕ.

ಪ್ರತಿ ಕಂಬದ ತಲೆಯ ಮೇಲೆ ಒಂದು ಚುಕ್ಕಿ ಇಟ್ಟೆ. ಅಕ್ಕ ಕೊಟ್ಟ ಅಂಕ ಏರಿದಂತೆ ಚುಕ್ಕಿ ಕಂದಿನಿಂದ ಹಳದಿಗೆ ತಿರುಗುತ್ತಿತ್ತು.

ಮೊದಲ ವಾರವೇ ಕಡೆಯ ಕಂಬದ ಚುಕ್ಕಿ ಕಡುಗಂದಾಗಿ ಬಂತು. ಗುಂಪಿನ ಕಾರ್ಯದರ್ಶಿ ಅದನ್ನು ನೋಡಿ ಆ ಬೆಳೆಗಾರರಿಗೆ, "ನಿಮ್ ಸೊಪ್ಪಿನ ಬೇಲು ಈ ಹರಾಜಿಗೆ ಬ್ಯಾಡ ಬುಡಿ ಗೌಡ್ರೇ," ಎಂದರು.

ಗೌಡರು ಗೋಡೆ ನೋಡುತ್ತ ನಿಂತರು. "ಅಂಗಾದ್ರೆ ನಂದು ಸುಟ್ಟೋಗೈತಾ?"

ಅಕ್ಕ ಆ ಬೇಲಿನ ಒಂದು ಎಲೆಯನ್ನೂ ಮಾದರಿ ಎಲೆಗಳನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. "ನಾನು ಎಂಟು ಕೊಟ್ಟಿದ್ದು. ಎಂಟು ಅಂದ್ರೆ ಕಂದಾ? ನಿನ್ ಮಿಸಿನ್ನು ಕಣ್ ತೋರಿಸ್ಕೋಬೇಕು ಕಣವ್ವ."

ಆ ವಾರ ಎಲ್ಲರದೂ ಒಳ್ಳೆಯ ಸೊಪ್ಪು. ಎಂಟಕ್ಕಿಂತ ಕಡಿಮೆ ಯಾರಿಗೂ ಇರಲಿಲ್ಲ. ಬಣ್ಣದ ಅಳತೆಯ ಎರಡು ತುದಿ ಯಾವುವೆಂದು ನಾನು ಬರೆದಿರಲಿಲ್ಲ. ತಂತ್ರಾಂಶ ತನಗೆ ಸಿಕ್ಕ ಅಂಕಗಳಲ್ಲೇ ಚಿಕ್ಕದನ್ನು ಕಂದು ಮಾಡಿತ್ತು. ಅದನ್ನು ಹೇಳಿದೆ.

"ಸೊಪ್ಪಿನ ರಾಸೀನ ಅದೇ ರಾಸಿಗೆ ಹೋಲ್ಸುದ್ರೆ ಯಾರಾದ್ರೂ ಒಬ್ರು ಕೆಟ್ಟೋರಾಗ್ಲೇಬೇಕಲ್ಲ," ಎಂದರು ಅಕ್ಕ.

ತುದಿಗಳು ಒಂದು ಮತ್ತು ಹತ್ತು ಎಂದು ಬರೆದೆ. ಚುಕ್ಕಿ ಹಳದಿಗೆ ಬಂತು. ಗೌಡರ ಬೇಲು ಹರಾಜಿಗೆ ಹೋಯಿತು.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ಬಂದಾಗ ಆ ವಾರದ ಚಿತ್ರ ಅರ್ಧವಾಗಿತ್ತು, ಮುಗಿಸಿಯೇ ಹೋದೆ. ಹಾಗೆ ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅವರ ಮಾದರಿ ಎಲೆಗಳು ನನ್ನ ಮೇಜಿನ ಖಾನೆಯಲ್ಲಿವೆ. ಹಳದಿಯೂ ಈಗ ಕಂದಾಗಿದೆ. ಯಾವುದು ಯಾವುದೆಂದು ನನಗೆ ತಿಳಿಯುವುದಿಲ್ಲ. ಪ್ರತಿ ವಾರ ನಾನು ಮೊದಲು ಬರೆಯುವ ಸಾಲು ಮಾತ್ರ ಅದೇ: ಒಂದು, ಹತ್ತು.