ಸಂದರ್ಶನದ ನಡುವೆ ಅವ್ವನ ಮಗ್ಗ

ಗೆಳೆಯರೇ, ನಮ್ಮವ್ವ ನನ್ನ ಪಿಎಚ್‌ಡಿಗೆ ಕೈ ಹಾಕಿದ್ದಾಳೆ.

ನೇಕಾರರ ಮನೆಗಳಿಂದ ಮೊದಲ ಸಲ ಕಾಲೇಜಿಗೆ ಹೋದ ಮಕ್ಕಳು ತಮ್ಮನ್ನು ತಾವು ಯಾರೆಂದುಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆ. ನಾನೂ ಅಂಥವಳೇ. ಇವತ್ತು ಇಳಕಲ್ಲಿನ ನಮ್ಮ ಮನೆಗೇ ಒಬ್ಬ ಬಿ.ಎ. ಹುಡುಗಿ ಸಂದರ್ಶನಕ್ಕೆ ಬಂದಿದ್ದಳು. ಆಕೆಯ ಮಾತು ಗುಟ್ಟಾಗಿರಬೇಕು, ನೀನು ಕೇಳುವಂತಿಲ್ಲ ಎಂದೆ ಅವ್ವನಿಗೆ.

"ನನಗೇನ್ ಕೇಳಸ್ತೈತಿ? ನಾ ಮಗ್ಗದ ಮುಂದ ಕುಂದರ್ತೇನಿ," ಎಂದು ಒಳಗೆ ಹೋಗಿ ನೇಯತೊಡಗಿದಳು. ಮನೆಯೆಲ್ಲ ಲಟಕ್ ಪಟಕ್.

ಹುಡುಗಿ ಊರು, ಓದು ಹೇಳುವಾಗ ಮಗ್ಗ ಜೋರಾಗಿತ್ತು.

"ಅಪ್ಪ ಕಾಲೇಜಿಗೆ ಬಂದ್ರ, ಗೆಳತ್ಯಾರ ಮುಂದ ನಾ ದೂರ ನಿಂದರ್ತೇನ್ರಿ ಅಕ್ಕಾ," ಅಂದಳು.

ಮಗ್ಗ ನಿಂತಿತು.

"ಮನಿಗೆ ಬಂದ ಮ್ಯಾಲೆ ಅವಂಗ ಊಟಕ್ಕ ನಾನಽ ಬಡಸ್ತೇನ್ರಿ. ಬ್ಯಾರೆ ಯಾರಿಗೂ ಬಿಡೂದಿಲ್ಲ."

ಮಗ್ಗ ಮತ್ತೆ ಶುರುವಾಯಿತು.

ಆಕೆ ಹೋದ ಮೇಲೆ ಅವ್ವನನ್ನು ತರಾಟೆಗೆ ತೆಗೆದುಕೊಂಡೆ. "ನನಗೇನೂ ಕೇಳಿಸಿಲ್ಲ ತಗೊ," ಎಂದಳು. ಮರುಕ್ಷಣವೇ, "ಮುಂದಿನ ಸಲ ಅವರಪ್ಪನ್ನೂ ಕರಕೊಂಡ ಬರಾಕ ಹೇಳು, ಉಪ್ಪಿಟ್ಟ ಮಾಡ್ತೇನಿ."

ಈಗ ರೆಕಾರ್ಡಿಂಗ್ ಕೇಳುತ್ತ, ಮಾತುಗಳನ್ನು ಬರೆದುಕೊಳ್ಳುತ್ತ ಕೂತಿದ್ದೇನೆ. ಇಷ್ಟುದ್ದದ ಮಾತಿನಲ್ಲಿ ಮುಖ್ಯವಾದದ್ದನ್ನು ಗುರುತಿಸುವುದೇ ಕಷ್ಟ ಎಂದಿದ್ದರು ನನ್ನ ಗೈಡ್. ನನಗೇನೂ ಕಷ್ಟವಾಗುತ್ತಿಲ್ಲ. ಮಗ್ಗ ಸುಮ್ಮನಾದ ಕಡೆಯೆಲ್ಲ ಗೆರೆ ಎಳೆಯುತ್ತಿದ್ದೇನೆ.