ಒಂಟಿ ಕಿವಿಯ ಬಸವಣ್ಣ

ಕಾಮಾಕ್ಷಿಪಾಳ್ಯದಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳುವ ಹೊತ್ತಿಗೆ ಹೊನ್ನವ್ವನ ಓವನ್ನಿನಿಂದ ತಟ್ಟೆ ಹೊರಬರುತ್ತದೆ. ತಟ್ಟೆಯ ತುಂಬ ಬೆಣ್ಣೆ ಬಿಸ್ಕತ್ತಿನ ಬಸವಣ್ಣಗಳು. ಬೆನ್ನ ಮೇಲೆ ಜೂಲು, ಕೊರಳಲ್ಲಿ ಗೆಜ್ಜೆ, ಕೋಡಿಗೆ ಗೊಂಡೆ. ನೋಡಿದವರು ಕೈಮುಗಿಯಬೇಕು, ಹಾಗಿವೆ. ಹೊನ್ನವ್ವ ಮಾತ್ರ ಅವು ಆರಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಒಂದೊಂದರ ಕಿವಿಯನ್ನೂ ಲಟಕ್ಕನೆ ಮುರಿಯುತ್ತ ಹೋಗುತ್ತಾರೆ.

"ಕೈ ಮುಗೀತಾರಲ್ರಿ, ಅದಕ್ಕ ಮುರಿಯೂದು" ಎನ್ನುತ್ತಾರೆ.

ಹೊನ್ನವ್ವ ಹಾವೇರಿ ಕಡೆಯವರು. ಗಂಡ ಕೊಟ್ರಪ್ಪ ಇಲ್ಲೇ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುತ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವ ಕಟ್ಟಿಗೆಯ ಅಚ್ಚುಗಳು ತವರಿನಿಂದ ಬಂದು ಅಟ್ಟದಲ್ಲಿ ಮಲಗಿದ್ದವು. ಅವುಗಳಿಗೆ ಬಿಸ್ಕತ್ತಿನ ಹಿಟ್ಟು ಒತ್ತಬಹುದೆಂದು ಹೊಳೆದದ್ದು ಇವರಿಗೆ. ಹಿಟ್ಟು ಬೆಚ್ಚಗಾದರೆ ಬಸವಣ್ಣ ಓವನ್ನಿನಲ್ಲಿ ಕಾಲು ಚಾಚಿ ಮಲಗಿಬಿಡುತ್ತಾನೆ. ಹಾಗಾಗಿ ಒತ್ತಿದ್ದನ್ನೆಲ್ಲ ಮೊದಲು ಮನೆ ಓನರ್ ಮುನಿತಾಯಮ್ಮನವರ ಫ್ರಿಜ್ಜಿನಲ್ಲಿಡಬೇಕು. ನಡುವೆ ಕರೆಂಟ್ ಹೋಯಿತೋ, ಹೊನ್ನವ್ವನ ಬಾಯಿಂದ ಬರುವ ಮಾತು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಗೃಹಪ್ರವೇಶ, ನಾಮಕರಣಗಳಿಗೆ ಬೇಕಾದವರು ಮಿಸ್ಡ್ ಕಾಲ್ ಕೊಡುತ್ತಿದ್ದರು, ಒಯ್ಯುತ್ತಿದ್ದರು. ಎರಡನೇ ಸಲ ಮಾತ್ರ ಯಾರೂ ಬರಲಿಲ್ಲ. ಹೊನ್ನವ್ವ ಮಾರೇನಹಳ್ಳಿಯ ಗಿರಾಕಿಯೊಬ್ಬರ ಮನೆಗೆ ಹೋದಾಗ ಗುಟ್ಟು ರಟ್ಟಾಯಿತು. ಇವರ ಬಿಸ್ಕತ್ತು ದೇವರ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು! ಮುನಿತಾಯಮ್ಮನವರೂ ದಿನಾ ಹೂವು ಏರಿಸುತ್ತಿದ್ದರು. ತಿಂದದ್ದು ಇರುವೆಗಳು ಮಾತ್ರ.

"ಚಂದ ಅದಾವು ಅಂತ ಎಲ್ಲಾರೂ ಅಂತಾರ್ರಿ. ರುಚಿ ಅದಾವು ಅಂತ ಒಬ್ಬರೂ ಅನ್ನವಲ್ರು. ಓವನ್ ಮಾರಿಬಿಡೂಣು ಅಂದಿದ್ದೆ."

ಅಷ್ಟರಲ್ಲಿ ಕೊಟ್ರಪ್ಪ ಒಂದು ಬಿಸ್ಕತ್ತಿನ ಡಬ್ಬಿ ಬೀಳಿಸಿದರು. ಕಿವಿ ಮುರಿದದ್ದು ಮುನಿತಾಯಮ್ಮನವರ ಪಾಲಿಗೆ ಬಂತು. "ಭಿನ್ನ ಆಗೋಗಿದೆ ಕಣಮ್ಮ, ಪೂಜೆಗಿಡೋಂಗಿಲ್ಲ" ಎಂದು ಮುಖ ಸಪ್ಪೆ ಮಾಡಿಕೊಂಡು ಬಾಯಿಗೆ ಹಾಕಿಕೊಂಡರು. ಮರುಕ್ಷಣವೇ ರೇಗಿದರು: "ಇಷ್ಟು ಚೆನ್ನಾಗಿದೆ ಅಂತ ಮೊದಲೇ ಹೇಳ್ಬಾರ್ದಿತ್ತಾ?"

ಅಂದಿನಿಂದ ಕಿವಿ ಮುರಿಯದೆ ಬಸವಣ್ಣ ಹೊಸ್ತಿಲು ದಾಟುವುದಿಲ್ಲ. ಈಗ ಹಳೇ ಗಿರಾಕಿಗಳೇ ತಿರುಗಿ ಬರುತ್ತಾರೆ. ಮುರಿದ ಕಿವಿಗಳೆಲ್ಲ ಕೊಟ್ರಪ್ಪನ ಚಹಾದ ಜೊತೆಗೆ. "ಇಡೀ ಬಸವಣ್ಣ ನನಗಿನ್ನೂ ದರ್ಶನ ಕೊಟ್ಟಿಲ್ರಿ" ಎಂದು ಅವರ ದೂರು.

"ನಂದೊಂದು ಆಸೆ ಐತ್ರಿ" ಎನ್ನುತ್ತಾರೆ ಹೊನ್ನವ್ವ. "ಎರಡೂ ಕಿವಿ ಇದ್ದದ್ದನ್ನ ಯಾರರೆ ನನ್ನ ಕಣ್ಮುಂದ ತಿನಬೇಕು."

ಫ್ರಿಜ್ಜಿನಿಂದ ಮುಂದಿನ ತಟ್ಟೆ ತಂದ ಮುನಿತಾಯಮ್ಮ ಬಿಡುತ್ತಾರೆಯೇ? "ಮೊದ್ಲು ನೀನೇ ತಿನ್ನಮ್ಮ, ನೋಡೋಣ."

ಹೊನ್ನವ್ವ ಬೆಂದು ಆರಿದ ತಟ್ಟೆಯಿಂದ ಒಂದು ಇಡೀ ಬಸವಣ್ಣನನ್ನು ಎತ್ತಿಕೊಂಡು ಬಾಯಿಯ ತನಕ ಒಯ್ಯುತ್ತಾರೆ. ಅದರ ಮುಖವನ್ನೇ ನೋಡುತ್ತಾರೆ. ಲಟಕ್!

"ನಾಳೆ ನೋಡೂಣ್ರಿ" ಎಂದು ಕಿವಿಯನ್ನು ಗಂಡನ ಚಹಾದ ಬಸಿಯಲ್ಲಿಟ್ಟು, ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.