ಎಂಡದಲ್ಲಿ ಹೋದ ಚಿಕ್ಕತಾತ

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಮೇಜರ್ ಎಂದು. ನಾನು ಬಂದೂಕು ಮುಟ್ಟಿದವನಲ್ಲ, ಕಾಲೇಜಿನಲ್ಲಿ ಎನ್‌ಸಿಸಿಗೂ ಸೇರಿದವನಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಕುರ್ಚಿ ಸವೆಸುವವನು. ಆದರೆ ಎರಡನೇ ಮಹಾಯುದ್ಧದ ಹುಚ್ಚು ಹಿಡಿದು ಎಷ್ಟೋ ವರ್ಷವಾಯಿತು. ಮೊಬೈಲಿನಲ್ಲಿ ನೋಡುವುದು ಅದೇ, ಓದುವುದು ಅದೇ, ಪಕ್ಕದವನ ತಲೆ ತಿನ್ನುವುದೂ ಅದನ್ನೇ ಹೇಳಿ.

ರೈಲಿನಲ್ಲಿ ನಮ್ಮದೊಂದು ಗುಂಪಿದೆ. ಇಸ್ಪೀಟು ಆಡುವವರಿಗೆಂದು ಹಾಸಿದ ಟವೆಲ್ಲಿನ ಮೇಲೆ ನಾನು ಕಡಲೆಕಾಯಿ ಹರಡುತ್ತೇನೆ. ಇಡೀ ಕಾಯಿ ಟ್ಯಾಂಕು, ಸಿಪ್ಪೆ ದೋಣಿ. ವೈಟ್‌ಫೀಲ್ಡ್ ಬರುವುದರೊಳಗೆ ನಾರ್ಮಂಡಿಯ ದಡ ಹತ್ತಿರಬೇಕು. ಕೊಹಿಮಾದ ಕಾಳಗಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ಕೆ.ಆರ್. ಪುರದಲ್ಲಿ ನೂಕುನುಗ್ಗಲು ಶುರುವಾದರೆ ಮಿತ್ರಪಕ್ಷ, ಶತ್ರುಪಕ್ಷ ಎರಡೂ ಜನರ ಚಪ್ಪಲಿಯಡಿ ಪುಡಿ ಪುಡಿ. ಹಸಿವಿನ ಶಿಬಿರಗಳು, ವಿಷದ ಹೊಗೆಯ ಕೋಣೆಗಳು, ಒಂದೇ ಬಾಂಬಿಗೆ ಬೂದಿಯಾದ ಊರುಗಳು, ಇವೂ ನನಗೆ ಗೊತ್ತಿದ್ದವು. ಆದರೆ ಬೆಳಬೆಳಗ್ಗೆ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿರುವವರ ಮುಂದೆ ಅದೆಲ್ಲ ಏಕೆ ಎಂದು ಆ ಭಾಗ ಹಾರಿಸಿಬಿಡುತ್ತಿದ್ದೆ.

ಇಷ್ಟು ಯುದ್ಧ ಮಾಡಿದವನು ಒಬ್ಬ ಸೈನಿಕನ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅವರು ನಮ್ಮ ಮನೆಯವರೇ. ನಮ್ಮ ತಾತನ ತಮ್ಮ, ಅಂದರೆ ನನಗೆ ಚಿಕ್ಕತಾತ. ಪಟಾಲಂ ಸೇರಿ ಸಿಂಗಪುರಕ್ಕೆ ಹೋದವರು ವಾಪಸು ಬರಲಿಲ್ಲ. ಕುಡಿದು ಕುಡಿದು ಸತ್ತರು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಂಥ ಸೈನಿಕನನ್ನು ಟವೆಲ್ಲಿನ ಮೇಲೆ ಎಲ್ಲಿ ನಿಲ್ಲಿಸಲಿ?

ಸುದ್ದಿ ತಂದದ್ದು ಅವರ ಜೊತೆಗಾರ. ಯುದ್ಧ ಮುಗಿದ ಮೇಲೆ, ರಾಯಲ್ಪಾಡು ಕಡೆಯ ಒಬ್ಬ ಬಡಕಲು ಆಸಾಮಿ ನಮ್ಮ ಮನೆ ಹುಡುಕಿಕೊಂಡು ಬಂದನಂತೆ. ಜಗುಲಿಯ ಮೇಲೆ ಕೂತು, ಚಿಕ್ಕತಾತನ ಹೆಂಡತಿಯ ಮುಖ ನೋಡಲಾಗದೆ ನೆಲ ನೋಡುತ್ತ ಹೇಳಿದ ಮಾತನ್ನು ನಮ್ಮ ತಾತ ಕೊನೆಯವರೆಗೂ ಹಾಗೆಯೇ ಒಪ್ಪಿಸುತ್ತಿದ್ದರು: "ನಿಮ್ಮೋನು ಎಂಡದಲ್ಲೇ ಓಗ್ಬಿಟ್ಟ ಕಣಮ್ಮ. ಬೆಳಗ್ಗಿಂದ ಸಂಜೆಗಂಟ ಎಂಡ. ನಾವೆಲ್ಲ ನೋಡ್ತಾನೇ ಇದ್ವಿ, ಬಿಡಿಸಕ್ಕಾಗ್ಲಿಲ್ಲ."

ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದು ಕಷ್ಟ. ಹಳ್ಳಿ ಅಳ್ಳಿಯಾಗುತ್ತದೆ, ಹೆಂಡ ಎಂಡವಾಗುತ್ತದೆ. ಜೊತೆಗೆ ಚಿಕ್ಕತಾತ ಊರಿನಲ್ಲಿದ್ದಾಗ ಈಚಲ ಮರದ ಬುಡದಲ್ಲಿ ಸ್ನೇಹಿತರೊಂದಿಗೆ ಆಗಾಗ ಕಾಣಿಸಿಕೊಂಡವರೇ. ಹಾಗಾಗಿ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಬಂದವನಿಗೆ ಮುದ್ದೆ ಬಡಿಸಿದರು, ಉಂಡು ಸಂಜೆಯ ರೈಲಿಗೆ ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಚಿಕ್ಕತಾತ ಮನೆ ಬಿಟ್ಟಾಗ ಹೊಟ್ಟೆಯಲ್ಲಿದ್ದ ಮಗಳೇ ನಮ್ಮ ಅತ್ತೆ. ಈಗ ಎಂಬತ್ತು ದಾಟಿದೆ. ಮುಳಬಾಗಿಲಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ, ಮಕ್ಕಳೂ ಇಲ್ಲದ್ದರಿಂದ, ನಮ್ಮ ಮನೆಗೇ ಬಂದು ಇದ್ದಾರೆ. ಇದ್ದಾರೆ ಎನ್ನುವುದು ತಪ್ಪು, ಆಳುತ್ತಿದ್ದಾರೆ. ಹಾಲಿನವನು, ಕೇಬಲ್ಲಿನವನು, ನಾನು, ಎಲ್ಲರೂ ಅವರ ಮುಂದೆ ಕೈಕಟ್ಟಿ ನಿಲ್ಲುವವರೇ. ಒಮ್ಮೆ ಅವರ ಗಂಡ ಮದುವೆಯೊಂದರಲ್ಲಿ ಸ್ವಲ್ಪ ಹಾಕಿಕೊಂಡು ಬಂದು, ಮೂರು ದಿನ ದನದ ಕೊಟ್ಟಿಗೆಯಲ್ಲಿ ಮಲಗಿದ ಕತೆ ಮುಳಬಾಗಿಲಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅವರಿಗೆ ಕುಡುಕರ ಮೇಲಿದ್ದ ಸಿಟ್ಟಿನ ಬೇರು ಎಲ್ಲಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ನೋಡಲು ಬಂದವರು ಪಿಸುಗುಟ್ಟುತ್ತಿದ್ದದ್ದು ಕುಡುಕನ ಮಗಳೆಂದೇ. ಅದಕ್ಕಿಂತ ಅವರನ್ನು ಕೊರೆಯುತ್ತಿದ್ದ ಮಾತು ಬೇರೆ. ಒಂದು ಸಲ ನನ್ನೆದುರು ಆಡಿದ್ದರು: "ಉಟ್ಟಿರೋ ಮಗೀನ ಮುಖ ನೋಡೋಣ ಅನ್ನಿಸ್ಲಿಲ್ವಲ್ಲೋ ಆತನ್ಗೆ. ನನಗಿಂತ ಎಂಡಾನೇ ಎಚ್ಚಾಯ್ತಾ?"

ಸಿಂಗಪುರ ಜಪಾನಿನವರ ಕೈಗೆ ಬೀಳುವುದಕ್ಕೆ ಮುಂಚೆಯೇ ಕುಡಿದು ಸತ್ತಿರಬೇಕೆಂದು ನಾನೇ ಲೆಕ್ಕ ಹಾಕಿಬಿಟ್ಟಿದ್ದೆ.

ವರ್ಷಕ್ಕೊಮ್ಮೆ ಹಿರಿಯರ ಹಬ್ಬ ಬಂದರೆ ಈ ಗಾಯಕ್ಕೆ ಉಪ್ಪು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಎಡೆ ಇಡುತ್ತಾರೆ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ನಮ್ಮ ತಾತನಿಗೆ ಕೋಳಿಸಾರು, ನಶ್ಯದ ಡಬ್ಬಿ. ಅಜ್ಜಿಗೆ ಒಬ್ಬಟ್ಟು, ಎಲೆಅಡಿಕೆ. ಚಿಕ್ಕತಾತನಿಗೆ ಬೇರೇನು? ಮೊದಲು ಮಡಕೆಯಲ್ಲಿ ಈಚಲ ಹೆಂಡ ಇಡುತ್ತಿದ್ದರಂತೆ. ನನ್ನ ಕಾಲಕ್ಕೆ ಸಾರಾಯಿ ಪ್ಯಾಕೆಟ್ಟಾಯಿತು. ಸಾರಾಯಿ ನಿಂತ ಮೇಲೆ ಕ್ವಾರ್ಟರ್ ಬಾಟಲಿ ಬಂತು. ಸತ್ತವರ ಆಸೆ ತೀರಿಸದಿದ್ದರೆ ಹೇಗೆ ಎಂದು ಗಂಡಸರೆಲ್ಲ ಬಹಳ ಭಕ್ತಿಯಿಂದ ವಾದಿಸುತ್ತಿದ್ದರು. ಎಡೆ ಎತ್ತಿದ ಮೇಲೆ ಆ ಬಾಟಲಿ ಎಲ್ಲಿಗೆ ಹೋಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಂಶದಲ್ಲಿ ಎಲ್ಲರೂ ಮರೆಯದೆ ನೆನೆಯುತ್ತಿದ್ದ ಹಿರಿಯರೆಂದರೆ ಚಿಕ್ಕತಾತ ಒಬ್ಬರೇ.

ಅತ್ತೆ ಹುಡುಗಿಯಾಗಿದ್ದಾಗಲೇ ಇದಕ್ಕೊಂದು ಕಟ್ಟು ಮಾಡಿದ್ದರು. ಹೆಂಡ ಹೊಸ್ತಿಲು ದಾಟಿ ಒಳಗೆ ಬರಕೂಡದು. ಇಡುವವರು ಆಚೆ ಇಟ್ಟುಕೊಳ್ಳಲಿ. ಹಾಗಾಗಿ ಮನೆಯ ಹಿರಿಯರೆಲ್ಲ ಒಳಗೆ ನಡುಮನೆಯಲ್ಲಿ ತಣ್ಣಗೆ ಉಣ್ಣುವಾಗ ಚಿಕ್ಕತಾತನ ಎಲೆ ಮಾತ್ರ ಹೊರಗೆ, ಬರಿ ಅಂಗಳದಲ್ಲಿ. ಎಲ್ಲರೂ ಹೋಗಿ ಅಡ್ಡಬೀಳುತ್ತಿದ್ದರು. ಅತ್ತೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನಾನು ಬಗ್ಗಲ್ಲ" ಎಂದರೆ ಮುಗಿಯಿತು. ಆ ಹಟ ಯಾರಿಂದ ಬಂತೋ ಎಂದು ನಮ್ಮಪ್ಪ ನಗುತ್ತಿದ್ದರು.

ಕಳೆದ ವರ್ಷ ನನ್ನ ಮಗನಿಗೆ ರಾಯಲ್ಪಾಡಿನಿಂದ ಹೆಣ್ಣು ತಂದೆವು. ಮನೆಮಾತು ತೆಲುಗು. ನಮ್ಮ ಮನೆಗೆ ಬಂದ ಮೇಲೆ ಕನ್ನಡವೇ ಮಾತಾಡುತ್ತೇನೆಂದು ಸೊಸೆ ಪಣ ತೊಟ್ಟಿದ್ದಳು. ತೊಟ್ಟ ಪಣ ಒಳ್ಳೆಯದೇ, ಆದರೆ ಸಿಗದ ಪದಕ್ಕೆ ತೆಲುಗು ಸೇರಿಸಿ ಮುಂದೆ ಸಾಗುತ್ತಿದ್ದಳು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಪ್ಪಿನಕಾಯಿಗೆ ಮಾವಿನ ಹೋಳು ಒಣಗಿಸಲು ಮಹಡಿಗೆ ಹೋದವಳು ಕೆಂಪು ಮುಖ ಮಾಡಿಕೊಂಡು ಇಳಿದು ಬಂದಳು. ಗೋಡೆ ಹಿಡಿದು ನಿಂತು ಹೇಳಿದಳು:

"ಅಬ್ಬಬ್ಬ, ಎಂಡ ಜಾಸ್ತಿ ಆಗೋಯ್ತು ಅಜ್ಜಿ. ತಲೆ ಗಿರ್ ಅಂತೈತೆ."

ಅತ್ತೆಯ ಕೈಯಲ್ಲಿದ್ದ ಅವರೆಕಾಳಿನ ಮೊರ ನೆಲಕ್ಕೆ ಬಿತ್ತು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ಮರ್ಯಾದೆಯನ್ನೆಲ್ಲ ಬದಿಗಿಟ್ಟು, ಸೊಸೆಯ ಬಾಯಿ ಮೂಸಿದಳು. ಭಾನುವಾರದ ನಿದ್ದೆಯಲ್ಲಿದ್ದ ನಾನು ಎದ್ದು ಕೂತೆ. ಮದುವೆಯಾಗಿ ಇನ್ನೂ ಆರು ತಿಂಗಳಾಗಿಲ್ಲ, ಬೀಗರಿಗೆ ಏನೆಂದು ಹೇಳುವುದು ಎಂದು ನನ್ನ ತಲೆಯೂ ಗಿರ್ ಅಂದಿತು.

"ಅಯ್ಯೋ, ಏನಾಯ್ತು ಎಲ್ರಿಗೂ?" ಸೊಸೆ ಕಂಗಾಲಾದಳು. "ಎಂಡ, ಎಂಡ!" ಎನ್ನುತ್ತ ಮೇಲೆ ಆಕಾಶಕ್ಕೆ ಕೈ ತೋರಿಸಿದಳು. "ಬಿಸ್ಲು!"

ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ಎದುರಿನವರು ಪೂರ್ತಿ ತೆಲುಗಿನಲ್ಲಿ ಮಾತಾಡಿದರೆ ನಮ್ಮ ಕಿವಿಯೂ ತೆಲುಗಿಗೆ ತಿರುಗುತ್ತದೆ. ಕನ್ನಡದ ಮಾತಿನ ನಡುವೆ ಆ ಪದ ಬಂದರೆ ಮಾತ್ರ ಹೆಂಡವೇ ಕಾಣುವುದು. ನಾನು, ನನ್ನ ಹೆಂಡತಿ, ಸೊಸೆ ಮೂವರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಅತ್ತೆ ನಗುತ್ತಿಲ್ಲ. ಚೆಲ್ಲಿದ ಅವರೆಕಾಳಿನ ನಡುವೆ ಹಾಗೇ ಕೂತಿದ್ದರು.

"ಲೇ," ಎಂದರು ನನ್ನ ಕಡೆ ನೋಡಿ. "ಆವತ್ತು ಬಂದಿದ್ನಲ್ಲ, ನಮ್ಮಪ್ಪನ ಸುದ್ದಿ ತಂದೋನು. ಅವ್ನೂ ಇಂಗೇ ಮೇಲಕ್ಕೆ ಕೈ ತೋರ್ಸಿದ ಕಣೋ. ನಾನು ಅಮ್ಮನ ಸೆರಗಿಡ್ಕಂಡು ನೋಡ್ತಿದ್ದೆ. ದೇವ್ರ ಅತ್ರ ಓದ ಅಂತ ತೋರಿಸ್ತವ್ನೆ ಅಂದ್ಕಂಡೆ."

ಆಗ ನನಗೂ ಹೊಳೆಯಿತು. ಆ ಮನುಷ್ಯ ರಾಯಲ್ಪಾಡಿನವನು. ನಾವು ಕನ್ನಡದವರೆಂದು ಮರ್ಯಾದೆಗೆ ಕನ್ನಡದಲ್ಲಿ ಮಾತಾಡಿದ್ದ. ತನ್ನ ತೆಲುಗಿನಲ್ಲೇ ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು.

ಹೋಗಿ ವಿಚಾರಿಸಿಕೊಂಡು ಬರುತ್ತೇನೆಂದು ನಾನು ಹೊರಟರೆ ಅತ್ತೆ ಬಿಡಲಿಲ್ಲ. "ನಾನೂ ಬರ್ತೀನಿ. ನೀನು ಓದ್ರೆ ನಿನ್ನ ಬಾಂಬು ಟ್ಯಾಂಕು ಅಂತ ಕೇಳ್ಕಂಡು ಬರ್ತೀಯ" ಎಂದರು. ಸೊಸೆಯನ್ನೂ ಕರೆದುಕೊಂಡು ಮಗನ ಕಾರಿನಲ್ಲಿ ಕೋಲಾರ ದಾಟಿ, ಶ್ರೀನಿವಾಸಪುರ ದಾಟಿ ಹೋದೆವು. ದಾರಿಯುದ್ದಕ್ಕೂ ಮಾವಿನ ಲಾರಿಗಳು. ಕಾರು ಹತ್ತಿದರೆ ಬಾಯಿಂದ ಬೈಗುಳ ತಪ್ಪದ ಅತ್ತೆ ಅಂದು ಒಬ್ಬ ಡ್ರೈವರನ್ನೂ ಬೈಯಲಿಲ್ಲ. ಆಗಲೇ ನನಗೆ ಭಯವಾಗಿತ್ತು. ಅಲ್ಲಿ ಹೋದ ಮೇಲೆ ಅದು ನಿಜವಾಗಿಯೂ ಹೆಂಡವೇ ಆಗಿಬಿಟ್ಟರೆ?

ಪಟಾಲಮ್ಮಿಗೆ ಹೋಗಿ ಬಂದವನ ಮನೆ ಹುಡುಕುವುದು ನಮ್ಮ ಬೀಗರಿಗೆ ಕಷ್ಟವಾಗಲಿಲ್ಲ. ಪಟಾಲಂ ಮನೆ ಎಂದೇ ಅದಕ್ಕೆ ಹೆಸರು. ಆತ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಎಪ್ಪತ್ತರ ಹತ್ತಿರದ ಮಗ ಮಾವಿನ ತೋಪಿನಲ್ಲಿ ಚಾಪೆ ಹಾಸಿ ಕೂರಿಸಿದ. ಅತ್ತೆ ಕಾಫಿ ಮುಟ್ಟಲಿಲ್ಲ, ಕ್ಷೇಮ ಸಮಾಚಾರ ಕೇಳಲಿಲ್ಲ. ಮುಳಬಾಗಿಲಿನಲ್ಲಿ ಕಲಿತ ತೆಲುಗಿನಲ್ಲಿ ನೇರವಾಗಿ ಕೇಳಿದರು, ನಮ್ಮಪ್ಪ ಕುಡಿಯುತ್ತಿದ್ದನಾ ಎಂದು: "ಮಾ ನಾಯನ ತಾಗೇವಾಡಾ?"

ಆತ ಅರ್ಥವಾಗದವನಂತೆ ಅತ್ತೆಯನ್ನು ನೋಡಿದ. "ತಾಗೇದಾನಿಕಿ ನೀಳ್ಳೇ ಲೇವಂಟಮ್ಮಾ."

ಕುಡಿಯುವುದಕ್ಕೆ ನೀರೇ ಇರಲಿಲ್ಲವಂತೆ.

ಆಮೇಲೆ ಆತ ತನ್ನ ಅಪ್ಪನಿಂದ ಕೇಳಿದ್ದನ್ನೆಲ್ಲ ಹೇಳಿದ. ಸಿಂಗಪುರ ಬಿದ್ದಾಗ ಇಬ್ಬರೂ ಜಪಾನಿನವರ ಕೈಗೆ ಸಿಕ್ಕಿದರು. ಹಡಗಿನ ತಳದಲ್ಲಿ ತುಂಬಿ ಯಾವುದೋ ದ್ವೀಪಕ್ಕೆ ಸಾಗಿಸಿದರು. ಕಾಡು ಕಡಿದು ವಿಮಾನ ಇಳಿಯುವ ಮೈದಾನ ಮಾಡುವ ಕೆಲಸ. ಹಿಡಿ ಅನ್ನ, ಜ್ವರ, ಏಟು. ಕಾವಲಿನವನು ಎದುರಾದಾಗಲೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸಬೇಕಿತ್ತು. ಒಂದು ಬೆಳಗ್ಗೆ ಚಿಕ್ಕತಾತ ಬಗ್ಗಲಿಲ್ಲ. ಮರೆತರೋ, ಸುಸ್ತಾಗಿತ್ತೋ, ಬೇಕೆಂದೇ ಮಾಡಿದರೋ, ಜೊತೆಗಾರನಿಗೂ ತಿಳಿಯದು. ಮರಗಳನ್ನೆಲ್ಲ ಕಡಿದು ಬೋಳು ಮಾಡಿದ್ದ ಆ ಮೈದಾನದ ನಡುವೆ ನಿಲ್ಲಿಸಿದರು. ಬೆಳಗ್ಗಿನಿಂದ ಸಂಜೆಯವರೆಗೆ ಬಿಸಿಲು. ನೀರು ಒಯ್ಯಲು ಹೋದವರಿಗೆ ಬಂದೂಕಿನ ಹಿಡಿಯಿಂದ ಹೊಡೆದರು. ಎಲ್ಲರೂ ನೋಡುತ್ತಲೇ ಇದ್ದರು. ಬಿಡಿಸಲಾಗಲಿಲ್ಲ.

ಅದು ನ್ಯೂಗಿನಿಯ ಕಡೆಯ ದ್ವೀಪವೇ ಇರಬೇಕು. ಆ ದ್ವೀಪಗಳನ್ನು ನಾನು ಕಡಲೆಕಾಯಿ ಸಿಪ್ಪೆಯಲ್ಲಿ ಎಷ್ಟು ಸಲ ಗೆದ್ದಿದ್ದೆನೋ. ಸಿಟ್ಟು ಬಂತು. ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ಕೈಯಲ್ಲಿದ್ದ ಕಾಫಿ ಲೋಟವನ್ನು ತಿರುಗಿಸುತ್ತ ಕೂತೆ.

ವಾಪಸು ಬರುವಾಗ, ಕೋಲಾರ ದಾಟಿದ ಮೇಲೆ, ಅತ್ತೆ "ಬಗ್ಗಲಿಲ್ವಂತೆ" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆಗೆ ತಿರುಗಿ, "ನನ್ನಂಗೇ" ಎಂದರು. ಅಳುತ್ತಿದ್ದರು. ಸೊಸೆ ಅವರ ಕೈ ಹಿಡಿದುಕೊಂಡಳು.

ಈ ಸಲದ ಹಿರಿಯರ ಹಬ್ಬಕ್ಕೆ ಕ್ವಾರ್ಟರ್ ಬರಲಿಲ್ಲ. "ಅಂಗಾರೆ ಈ ವರ್ಷದಿಂದ ಏನೂ ಇಲ್ವಾ?" ಎಂದು ನನ್ನ ತಮ್ಮ ಸುಮ್ಮನೆ ಕೇಳಿ ನೋಡಿದ. ಅತ್ತೆ ಕಣ್ಣು ಬಿಟ್ಟರು, ಅವನು ಬಾಳೆಎಲೆ ಒರೆಸಲು ಕೂತ. ಅಡುಗೆ ಆಯಿತು, ಒಳಗೆ ಹಿರಿಯರಿಗೆಲ್ಲ ಎಡೆ ಇಟ್ಟದ್ದಾಯಿತು. ನನ್ನ ಹೆಂಡತಿ ಎಂದಿನಂತೆ ಒಂದು ಎಲೆ ಹಿಡಿದು ಆಚೆ ಹೋಗಿ, ಅಂಗಳದಲ್ಲಿ ಹಾಸಿ, ಮುದ್ದೆ, ಸಾರು, ವಡೆ ಎಲ್ಲ ಬಡಿಸಿ ಬಂದಳು. ಇಷ್ಟು ವರ್ಷದ ರೂಢಿ. ನಮಗ್ಯಾರಿಗೂ ಏನೂ ಅನ್ನಿಸಲಿಲ್ಲ.

ಅತ್ತೆ ಹೊಸ್ತಿಲಿಗೆ ಬಂದು ನಿಂತರು. ಮಳೆ ಬಿಟ್ಟಿತ್ತು. ನಡುಮಧ್ಯಾಹ್ನ, ಅಂಗಳದಲ್ಲಿ ಒಂದು ಕಾಲಿಡಲು ನೆರಳಿಲ್ಲ. ಬಿಸಿಲಿನಲ್ಲಿ ಎಲೆಯ ಅಂಚು ಆಗಲೇ ಬಾಡುತ್ತಿತ್ತು.

"ಲೇ," ಎಂದರು. "ಇಷ್ಟು ವರ್ಷ ಆತನ್ನ ನಾನೂ ಬಿಸ್ಲಲ್ಲೇ ಕೂರ್ಸಿದ್ನಲ್ಲೋ."

ನಾನು ಎತ್ತುತ್ತೇನೆಂದರೂ ಕೇಳದೆ ಅಂಗಳಕ್ಕೆ ಇಳಿದರು. ನೋಯುವ ಮಂಡಿಯನ್ನು ಊರಿ, ಆ ಎಲೆಯ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಗ್ಗಿದರು. ಸೊಸೆ ಹಿಡಿದು ಎಬ್ಬಿಸಿದಳು. ಅಷ್ಟರಲ್ಲಿ ಯಾರೂ ಹೇಳದಿದ್ದರೂ ನನ್ನ ಹೆಂಡತಿ ಒಳಗೆ, ತಾತನ ಎಲೆಯ ಪಕ್ಕ ಜಾಗ ಮಾಡಿ, ತುಂಬಿದ ಚೊಂಬು ನೀರು ತಂದಿಟ್ಟಿದ್ದಳು. ಅತ್ತೆ ಎಡೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಾರು ಚೆಲ್ಲದ ಹಾಗೆ ನಿಧಾನಕ್ಕೆ ಹೊಸ್ತಿಲು ದಾಟಿದರು.

"ಒಳಕ್ಕೆ ಬಾಪ್ಪ," ಎಂದರು. "ಆಚೆ ಎಂಡ ಜಾಸ್ತಿ."